ಮಾವನ ಜವಾಬು, ನನ್ನ ಎಡಗೈ

ನನ್ನ ಪಿಯಾನೊ ವಾದನಕ್ಕೆ ಮುಕ್ತಾಯ ಅನ್ನುವುದು ಇದ್ದದ್ದು ಕರೆಂಟಿನ ಕೈಯಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಪವರ್‌ಲೂಮ್ ಮನೆಗಳು. ಬೆಳಗಾದರೆ ಮಗ್ಗಗಳ ಖಟಖಟ ಶುರು. ನಾನು ಶಾಲೆ ಮುಗಿಸಿ ಬಂದು, ಚಹಾ ಕುಡಿದು, ಆ ಖಟಖಟದ ಮೇಲೆಯೇ ಕೈಗೆ ತೋಚಿದ್ದನ್ನು ನುಡಿಸುತ್ತಾ ಹೋಗುತ್ತಿದ್ದೆ. ಬರೆದಿಟ್ಟ ಸ್ವರ ಇಲ್ಲ, ಕಲಿತ ಹಾಡು ಇಲ್ಲ, ಆಗಿಂದಾಗ ಹುಟ್ಟಿದ್ದು. ಹುಟ್ಟಿಸುವುದೇನೋ ಬರುತ್ತಿತ್ತು, ನಿಲ್ಲಿಸುವುದು ಬರುತ್ತಿರಲಿಲ್ಲ. ಕರೆಂಟು ಹೋಗುತ್ತಿತ್ತು, ಮಗ್ಗಗಳು ನಿಲ್ಲುತ್ತಿದ್ದವು, ಅವುಗಳ ಜೊತೆ ನನ್ನ ಪಿಯಾನೊ ಕೂಡ ಬಾಯಿ ಮುಚ್ಚುತ್ತಿತ್ತು. ಅದೇ ಮುಕ್ತಾಯ.

ಮನೆಯಲ್ಲಿ ಇನ್ವರ್ಟರ್ ಇದೆ. ಪಿಯಾನೊದ ವೈರನ್ನೂ ಅದಕ್ಕೆ ಜೋಡಿಸಿ ಅಂತ ನನ್ನ ಗಂಡನಿಗೆ ಎಷ್ಟು ಸಲ ಹೇಳಿದರೂ "ಅದು ಫ್ಯಾನಿಗಷ್ಟ ತಡಿತೈತಿ" ಅಂತ ಹಾರಿಸಿಬಿಡುತ್ತಿದ್ದರು. ಅದೇ ಇನ್ವರ್ಟರ್ ಮೇಲೆ ಟಿವಿ ನಡೆಯುತ್ತಿತ್ತು, ಮಿಕ್ಸರ್ ಕೂಡ ತಿರುಗುತ್ತಿತ್ತು. ನಾನು ವಿಜ್ಞಾನ ಕಲಿಸುವ ಅಕ್ಕೋರು, ನನಗೆ ಲೆಕ್ಕ ಗೊತ್ತಾಗದೇ ಇರುತ್ತದೆಯೇ? ಆದರೂ ಸುಮ್ಮನಿದ್ದೆ. ಅವರಿಗೂ ಸ್ವಲ್ಪ ನೆಮ್ಮದಿ ಬೇಕಲ್ಲ.

ಕುರುಬರ ಮನೆಯ ಹೆಣ್ಣುಮಗಳಿಗೆ ಪಿಯಾನೊ ಎಲ್ಲಿಂದ ಗಂಟುಬಿತ್ತು ಅಂತ ಎಲ್ಲರೂ ಕೇಳುತ್ತಾರೆ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಪ್ರಾರ್ಥನೆಯ ಕೋಣೆಯಲ್ಲಿ ಒಂದಿತ್ತು. ಅಲ್ಲಿನ ಸಿಸ್ಟರ್ ಒಬ್ಬರು ನನ್ನ ಕಾಟ ತಾಳಲಾರದೆ ಎರಡು ವರ್ಷ ಕಲಿಸಿದರು. ಆಮೇಲೆ ಸಂಬಳ ಬರತೊಡಗಿದ ಮೇಲೆ, ಕರೆಂಟಿನ ಮೇಲೆ ನಡೆಯುವ ಉದ್ದನೆಯದೊಂದನ್ನು ಕೊಂಡೆ. ಹುಬ್ಬಳ್ಳಿಯಿಂದ ಅದು ನೂಲಿನ ಗಂಟುಗಳ ಮೇಲೆ ಮಲಗಿಕೊಂಡು ಟೆಂಪೊದಲ್ಲಿ ಬಂತು. ಇಳಿಸುವಾಗ ಪಕ್ಕದ ಮನೆಯಾಕೆ "ಹೊಸಾ ನೂಲಿನ ಬೀಮ ತರಿಸಿದ್ರೇನ್ರಿ ಅಕ್ಕೋರ? ನೀವೂ ಮಗ್ಗ ಹಾಕ್ತೀರೇನು?" ಅಂತ ಕೇಳಿದಳು. ಹೌದು ಅಂದುಬಿಟ್ಟೆ. ಪಾಪ, ಆಕೆ ಎರಡು ದಿನ ನಂಬಿದ್ದಳು.

ಈ ನನ್ನ ಸುಖಸಂಸಾರದೊಳಗೆ ಮಾವ ಬಂದ. ನನ್ನ ತಾಯಿಯ ತಮ್ಮ, ರನ್ನ ಬೆಳಗಲಿಯವನು. ಜೊತೆಗೆ ಅವನ ಹೆಂಡತಿ, ನನ್ನ ಅತ್ತೆ. ಮಾವ ಅಂದರೆ ಆ ಸೀಮೆಯಲ್ಲಿ ಡೊಳ್ಳಿನ ಪದದ ದೊಡ್ಡ ದನಿ. ಅವನು ಹಾಡಿದರೆ ಎರಡು ಹೊಲ ಆಚೆ ನೀರು ಹಾಯಿಸುವವರು ಸಲಿಕೆ ಊರಿ ನಿಲ್ಲುತ್ತಿದ್ದರು. ಆ ಗಂಟಲಿನಲ್ಲೇ ಗಡ್ಡೆಯಾಯಿತು. ಆಪರೇಶನ್ ಮಾಡಿದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಜಮಖಂಡಿಯ ಡಾಕ್ಟರಿಗೆ ತೋರಿಸಬೇಕು, ನಮ್ಮ ಮನೆಯಿಂದ ಹತ್ತಿರ ಅಂತ ಬಂದರು.

ಬಂದವನು ಕಿಟಕಿ ಪಕ್ಕ ಗೋಡೆಗೆ ಮುಖ ಮಾಡಿ ಕೂತ. ಕೊರಳಿಗೆ ಟವೆಲ್ಲು, ಕೈಯಲ್ಲಿ ನಾನು ಕೊಟ್ಟ ಪಾಟಿ ಮತ್ತು ಬಳಪ. ಹೇಳುವುದಿದ್ದರೆ ಬರಿ ಅಂತ ಕೊಟ್ಟಿದ್ದೆ. ಅವನು ಏನೂ ಬರೆಯಲಿಲ್ಲ. ಊಟವೂ ಬೇಡ. ತೆಳ್ಳಗಿನ ಗಂಜಿಯಾದರೂ ಹೊಟ್ಟೆಗೆ ಬೀಳಲೇಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಡಾಕ್ಟರು ಗದರಿಸಿ ಕಳಿಸಿದ್ದರು. ಅತ್ತೆ ಬಟ್ಟಲು ಹಿಡಿದು ಎದುರಿಗೆ ಕೂತರೆ ಮಾವ ಬಟ್ಟಲನ್ನು ಅಂಗೈಯಿಂದ ಹಿಂದಕ್ಕೆ ತಳ್ಳುತ್ತಿದ್ದ. ಎರಡು ಚಮಚ ಹೋದರೆ ದೊಡ್ಡದು. ಅತ್ತೆ ಅಡುಗೆ ಮನೆಗೆ ಬಂದು ಆ ಬಟ್ಟಲನ್ನು ಸುಮ್ಮನೆ ತೊಳೆಯುವಳು.

ನಾಲ್ಕನೇ ದಿನ ನಾನು ಪಿಯಾನೊ ನುಡಿಸುತ್ತಿದ್ದಾಗ ಬೆನ್ನ ಹಿಂದೆ ಬಳಪ ಕಿರ್ರೆಂದಿತು. ಮಾವ ಬರೆಯುತ್ತಿದ್ದಾನೆ. ನನ್ನ ಸಂಗೀತ ಅವನಿಗೆ ಜೀವ ತುಂಬಿತು ಅಂತ ಖುಷಿಯಿಂದ ತಿರುಗಿದೆ. ಪಾಟಿ ಎತ್ತಿ ತೋರಿಸಿದ.

"ಇದು ಯಾವಾಗ ಮುಗಿತೈತಿ?"

ನನಗೆ ಸಿಟ್ಟು ನೆತ್ತಿಗೇರಿತು. "ಕರೆಂಟ್ ಹೋದಾಗ," ಅಂದೆ.

ಒರೆಸಿ ಮತ್ತೆ ಬರೆದ. "ಪಲ್ಲ ಎಲ್ಲಿ?"

ಪಲ್ಲ ಅಂದರೆ ಪದದ ಮೊದಲ ಒಂದೆರಡು ಸಾಲು, ಹಾಡುವವನು ಎಲ್ಲೆಲ್ಲಿ ತಿರುಗಿದರೂ ವಾಪಸು ಬಂದು ಸೇರಬೇಕಾದ ಜಾಗ. "ಮಾವ, ಇದು ಡೊಳ್ಳಿನ ಪದ ಅಲ್ಲ. ಇದರಾಗ ಪಲ್ಲ ಗಿಲ್ಲ ಇರೂದಿಲ್ಲ. ಮನಸ್ಸಿಗೆ ಬಂದಂಗ ಹೋಗೂದು," ಅಂದೆ.

ಅವನು ಬರೆದದ್ದು ನೋಡಿ ಅಡುಗೆ ಮನೆಯಿಂದ ಬಂದ ಅತ್ತೆಗೂ ನಗು ತಡೆಯಲಾಗಲಿಲ್ಲ. "ಹಾದಿ ತಪ್ಪಿದ ಕುರಿನೂ ಹಂಗ ಹೋಗತೈತಿ."

ಎರಡು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಮಾತಾಡದವನ ಜೊತೆ ಮಾತು ಬಿಡುವುದು ಎಂಥ ಶಿಕ್ಷೆ ಅಂತ ಆಮೇಲೆ ಹೊಳೆಯಿತು. ಮೂರನೇ ದಿನ ನನ್ನದೇ ವಾದನವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಂಡೆ. ಅರ್ಧ ತಾಸಿನ ರೆಕಾರ್ಡಿಂಗು. ಹತ್ತನೇ ನಿಮಿಷಕ್ಕೆ ನನಗೇ ಆಕಳಿಕೆ ಬಂತು. ಚೆಂದದ ತುಣುಕುಗಳು ಅಲ್ಲಲ್ಲಿ ಇದ್ದವು, ಆದರೆ ಬಂದದ್ದು ಹೋಯಿತು, ಹೋದದ್ದು ಮತ್ತೆ ಬರಲಿಲ್ಲ. ಹೋಗಿ ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು "ಹೇಳಿಕೊಡು" ಅಂದೆ.

ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ತುಂಟತನ ಕಂಡಿತು. ಪಾಟಿಯ ಮೇಲೆ ಒಂದರ ಕೆಳಗೊಂದು ಬರೆದ. ಪಲ್ಲ. ನುಡಿ. ಏರು. ಇಳುವು. ಕೂಡುಪಲ್ಲ. ಮೊದಲು ಪಲ್ಲ ಹಾಡಿ ಊರು ಯಾವುದೆಂದು ತೋರಿಸಬೇಕು. ನುಡಿಯಲ್ಲಿ ಹೊರಗೆ ಹೋಗಿ ಕಥೆ ಹೇಳಬೇಕು. ಏರಿನಲ್ಲಿ ದನಿ ಮೇಲೆ ಹತ್ತಬೇಕು, ಇಳುವಿನಲ್ಲಿ ಇಳಿಯಬೇಕು, ಕೂಡುಪಲ್ಲದಲ್ಲಿ ಮತ್ತೆ ಊರು ಸೇರಬೇಕು. ಡೊಳ್ಳಿನ ಮೇಳದವರೂ ನಿಂತ ನಿಲುವಿನಲ್ಲೇ ಪದ ಕಟ್ಟುವವರು. ನುಡಿಯಲ್ಲಿ ಏನು ಬರುತ್ತದೆ ಅಂತ ಹಾಡುವವನಿಗೂ ಗೊತ್ತಿರುವುದಿಲ್ಲ. ಎಲ್ಲಿಗೆ ತಿರುಗಿ ಬರಬೇಕು ಅನ್ನುವುದು ಮಾತ್ರ ಗೊತ್ತಿರುತ್ತದೆ. ನಾನು ಇಷ್ಟು ವರ್ಷ ಮಾಡಿದ್ದು ಬರೀ ನುಡಿ, ಅದೂ ಊರಿಲ್ಲದ ನುಡಿ.

ಪಾಟಿಯನ್ನು ಪಿಯಾನೊ ಮೇಲೆ ಒರಗಿಸಿಟ್ಟ. ಊರಿನಿಂದ ತಂದ ಚೀಲದಲ್ಲಿ ತಡಕಾಡಿ ಡೊಳ್ಳಿನ ಕೋಲು ತೆಗೆದ. ಡೊಳ್ಳು ಬಿಟ್ಟು ಬಂದವನು ಕೋಲು ಯಾಕೆ ತಂದಿದ್ದನೋ. ಅವತ್ತಿನಿಂದ ಪಿಯಾನೊ ಪಕ್ಕದ ಸ್ಟೂಲಿಗೆ ಶನಿ ಹಿಡಿಯಿತು. ನಾನು ನುಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಅಡ್ಡಾಡಿದರೆ ಸ್ಟೂಲಿನ ಮೇಲೆ ಟಕ್. ಪಲ್ಲಕ್ಕೆ ಬರುವಾಗ ಅರ್ಧ ಮಾತ್ರೆ ತಡವಾದರೆ ಟಕ್ ಟಕ್. ಒಮ್ಮೆ ಒಂದು ಸೊಗಸಾದ ಜಾಗ ಸಿಕ್ಕಿತೆಂದು ಅಲ್ಲೇ ಎಂಟು ಸಲ ಸುತ್ತಿದೆ. ಕೋಲು ಸ್ಟೂಲು ಬಿಟ್ಟು ನನ್ನ ಬೆನ್ನಿಗೇ ಬಂತು. ನಲವತ್ತೈದು ವರ್ಷದ ಅಕ್ಕೋರಿಗೆ ಹೊಡೆತ ಬಿತ್ತು ಅಂತ ನಾನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ.

ಒಂದು ಮಾತ್ರ ಆಯಿತು. ನನ್ನನ್ನು ಬೈಯಲಿಕ್ಕೆ ತ್ರಾಣ ಬೇಕಲ್ಲ, ಮಾವ ಗಂಜಿ ಕುಡಿಯತೊಡಗಿದ. ಮೊದಲು ಅರ್ಧ ಬಟ್ಟಲು, ಆಮೇಲೆ ಪೂರ್ತಿ. ಅತ್ತೆ ನನ್ನನ್ನು ಬಾಗಿಲ ಹಿಂದೆ ಕರೆದು "ಇನ್ನಷ್ಟು ತಪ್ಪು ಬಾರಸವ್ವಾ" ಅಂದಳು. ಅದಕ್ಕೆ ನಾನು ಕಷ್ಟಪಡಬೇಕಾಗಿರಲಿಲ್ಲ.

ಹದಿನೈದು ದಿನದ ಹೊತ್ತಿಗೆ ನಾನು ಊರು ಬಿಟ್ಟು ಊರು ಸೇರುವಷ್ಟಾದೆ. ಅವತ್ತು ಮಾವ ಪಾಟಿಯ ಹಿಂಬದಿಯಲ್ಲಿ ಬೇರೊಂದು ಪಲ್ಲ ಬರೆದು, ಅದರ ಧಾಟಿಯನ್ನು ಕೋಲಿನಿಂದ ತಟ್ಟಿ ತೋರಿಸಿದ. ಸ್ವರ ಏರುವಲ್ಲಿ ಕೋಲು ಎತ್ತಿದ, ಇಳಿಯುವಲ್ಲಿ ಇಳಿಸಿದ.

"ಹಿಂಡಿನ ಮುಂದ ನಡಿತೀಯೊ, ಹಿಂದ ನಡಿತೀಯೊ,
ಗಂಡಸ ದೊಡ್ಡಾಂವ ಅಂತೀಯಲ್ಲೊ, ಎಲ್ಲಿ ನಡಿತೀಯೊ."

ನಾನು ಹುಡುಕಿ ಹುಡುಕಿ ಆ ಧಾಟಿಯನ್ನು ಬಲಗೈಯಲ್ಲಿ ಹಿಡಿದೆ. ಹೊರಗೆ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದ ಅತ್ತೆಯ ಮೊರ ನಿಂತುಹೋಯಿತು.

ಆ ಪಲ್ಲದ ಹಿಂದಿನ ಕಥೆ ನನಗೆ ಅರ್ಧ ಗೊತ್ತಿತ್ತು, ಉಳಿದರ್ಧ ಅವತ್ತು ಅತ್ತೆಯಿಂದ ತಿಳಿಯಿತು. ನಲವತ್ತು ವರ್ಷದ ಹಿಂದೆ ಹಿಪ್ಪರಗಿಯ ಬೀರೇಶ್ವರ ಗುಡಿಯ ಮುಂದೆ ಎರಡು ಮೇಳಗಳಿಗೆ ಸವಾಲ್ ಜವಾಬ್ ನಡೆದಿತ್ತು. ಗಂಡು ದೊಡ್ಡದು ಅಂತ ಹಾಡುವುದು ಹರದೇಶಿ ಪಕ್ಷ, ಹೆಣ್ಣು ದೊಡ್ಡದು ಅಂತ ಹಾಡುವುದು ನಾಗೇಶಿ ಪಕ್ಷ. ಹರದೇಶಿ ಕಡೆ ಇಪ್ಪತ್ತೆರಡರ ಮಾವ. ನಾಗೇಶಿ ಕಡೆ, ತನ್ನ ಅಪ್ಪನ ಡೊಳ್ಳಿನ ಪಕ್ಕ ನಿಂತ ಹಿಪ್ಪರಗಿಯ ಹುಡುಗಿ, ಅಂದರೆ ಅತ್ತೆ. ಆ ಪಲ್ಲ ಎತ್ತಿ ಸವಾಲು ಹಾಕಿದವಳು ಅವಳೇ. ನುಡಿಯಲ್ಲಿ ಇನ್ನೂ ಬಿಗಿದಳಂತೆ. ಮುಂದೆ ನಡೆದರೆ ಹಿಂದೆ ಉಳಿದ ಮರಿಯನ್ನು ನೋಡುವವರು ಯಾರು? ಹಿಂದೆ ನಡೆದರೆ ನಿನ್ನನ್ನು ಮುಂದಾಳು ಅಂತ ಕರೆಯುವವರು ಯಾರು? ಮಾವ ನಿಂತಲ್ಲೇ ನಿಂತ. ಜವಾಬು ಬರಲಿಲ್ಲ. ಜನ ಸಿಳ್ಳೆ ಹೊಡೆದರು.

ನಮ್ಮ ಮೇಳಗಳಲ್ಲಿ ಒಂದು ಪದ್ಧತಿ ಇದೆ. ಸವಾಲು ಹಾಕಿದವರು ಜವಾಬನ್ನು ಒಪ್ಪಿದರೆ ತಾವೇ ಆ ಪಲ್ಲ ಎತ್ತಿ ಹಾಡಿ ಕೂಡಿಸಬೇಕು. ಎತ್ತದಿದ್ದರೆ ಜವಾಬು ಬಂದಿಲ್ಲ ಅಂತಲೇ ಲೆಕ್ಕ. ಮತ್ತು ಹಳೆಯದಕ್ಕೆ ಜವಾಬು ಕೊಡುವ ತನಕ ಎದುರಿನವನು ಹೊಸ ಸವಾಲು ಹಾಕುವಂತಿಲ್ಲ. ಮುಂದಿನ ವರ್ಷವೇ ಇಬ್ಬರ ಮದುವೆಯಾಯಿತು. "ಎದುರು ಮಾತಾಡದ ಅಳಿಯನ್ನ ಹುಡುಕಾಕತ್ತಿದ್ವಿ, ಸಿಕ್ಕ" ಅಂತ ಅತ್ತೆಯ ಅಪ್ಪ ಹೇಳಿದ್ದನಂತೆ. ಅಲ್ಲಿಂದ ಮಾವನ ಗತಿ ಕೇಳಬೇಡಿ. ಟಗರು ಮಾರುವುದಿರಲಿ, ಮಗಳಿಗೆ ಗಂಡು ನೋಡುವುದಿರಲಿ, ಮಾವ "ಯಾಕ?" ಅಂತ ಬಾಯಿ ತೆರೆದರೆ ಸಾಕು, ಅತ್ತೆ "ಮೊದಲ ಜವಾಬ ಕೊಡ್ರಿ, ಆಮ್ಯಾಲ ಕೇಳ್ರಿ" ಅನ್ನುತ್ತಿದ್ದಳು. ನಲವತ್ತು ವರ್ಷ ಆ ಮನೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಒಬ್ಬಳಿಗೇ ಇತ್ತು.

ಈಗ ಮಾವ ಆ ಹಳೆಯ ಸವಾಲಿಗೆ ಜವಾಬು ಕೊಡಬೇಕು ಅಂತಿದ್ದಾನೆ. ಗಂಟಲು ಇಲ್ಲ. ಪಾಟಿಯ ಮೇಲೆ ಬರೆದುಕೊಟ್ಟರೆ ಆಗುವುದಿಲ್ಲ, ಹಾಡಿದ್ದಕ್ಕೆ ಹಾಡಿಯೇ ಜವಾಬು. ಉಳಿದದ್ದು ನನ್ನ ಹತ್ತು ಬೆರಳು. ಅವನು ಪಲ್ಲದ ಕೆಳಗೆ ಬರೆದ. "ಹಿಂಗ ಉಳಿಸಿ ಹೋಗಬಾರದು."

ನಾನು ಪಿಯಾನೊದ ಧೂಳು ಒರೆಸಿದೆ.

ಅವನ ಯೋಜನೆ ಹೀಗಿತ್ತು. ಬಲಗೈ ಗಂಡು, ಎಡಗೈ ಹೆಣ್ಣು. ಬಲಗೈ ಮುಂದೆ ನಡೆಯಬೇಕು, ಎಡಗೈ ಸುಮ್ಮನೆ ಹಿಂಬಾಲಿಸಬೇಕು. ಏರಿನಲ್ಲಿ ಬಲಗೈ ಹಿಂದೆ ಓಡಿ ಬಂದು ಮರಿಯನ್ನೂ ಎತ್ತಿಕೊಂಡು ಮತ್ತೆ ಮುಂದೆ ಹೋಗಬೇಕು. ಅಂದರೆ ಮುಂದೆಯೂ ಅವನೇ, ಹಿಂದೆಯೂ ಅವನೇ. ಬಲಗೈ ಎಡಗೈ ಮೇಲೆ ಹಾದುಹೋಗಿ, ಅತ್ತಲಿನ ಸ್ವರ ಬಾರಿಸಿ, ಮತ್ತೆ ವಾಪಸು ಓಡಿ ಬರಬೇಕು. ನಾನು ಮಾಡಿದೆ. ಒಂದು ವಾರ ಅಭ್ಯಾಸ ಮಾಡಿದೆ. ಮೊಣಕೈ ಮೊಣಕೈಗೆ ಬಡಿದು ನೀಲಿಗಟ್ಟಿತು.

ಅತ್ತೆಯನ್ನು ಕೂರಿಸಿ ನುಡಿಸಿದೆವು. ಕೊನೆಯ ಸ್ವರ ಮುಗಿಯಿತು. ಅವಳು ಪಲ್ಲ ಎತ್ತಲಿಲ್ಲ. ಕಿವಿಯ ಹತ್ತಿರ ಸೆರಗು ಸರಿಮಾಡಿಕೊಂಡು ಹೇಳಿದಳು. "ಇದು ಜವಾಬ ಅಲ್ರಿ. ನಾಟಕ. ಒಬ್ಬಾಂವ ಎರಡೂ ಕಡೆ ಓಡಿದ್ರ ಹಿಂಡು ಎಲ್ಲಿಗೆ ಹೋಗತೈತಿ?"

ಮಾವ ಕೋಲನ್ನು ಚೀಲದೊಳಗೆ ಹಾಕಿ ಚೀಲದ ಬಾಯಿ ಕಟ್ಟಿದ. ಮತ್ತೆ ಗೋಡೆಯ ಕಡೆ ತಿರುಗಿ ಕೂತ. ಸಂಜೆಯ ಗಂಜಿ ಹಾಗೇ ವಾಪಸು ಬಂತು. ಮರುದಿನ ಬೆಳಗಿನದೂ. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಅಡುಗೆ ಮನೆಗೆ ಹೋಗಿ "ಸುಮ್ನ ಪಲ್ಲ ಎತ್ತಿದ್ರ ನಿನ್ನ ಗಂಟೇನ ಹೋಗ್ತಿತ್ತು? ಮುದುಕ ಉಪವಾಸ ಬಿದ್ದಾನ" ಅಂದೆ.

"ಸುಳ್ಳ ಪಲ್ಲ ಎತ್ತಿದ್ರ ಅವರಿಗಿ ಗೊತ್ತಾಗೂದಿಲ್ಲೇನು?" ಅಂದಳು. ಬಟ್ಟಲು ತೊಳೆದು ಮಗುಚಿ ಇಟ್ಟಳು. "ಜವಾಬ ಅವರಿಗಿ ಆವತ್ತ ಗೊತ್ತಿತ್ತು. ಹೇಳಿದ್ರ ಹರದೇಶಿ ಸೋಲತಿತ್ತು, ಅದಕ್ಕ ಬಾಯಿ ಮುಚ್ಚಿದ್ರು. ನಾ ಇಪ್ಪತ್ತ ವರ್ಷ ಹಿಂಡಿನ ಹಿಂದ ನಡದೇನಿ, ಕಂಬಳ್ಯಾಗ ಮರಿ ಕಟಗೊಂಡು. ಅವರು ಮುಂದ. ಒಮ್ಮೆರ ತಿರುಗಿ ನೋಡಿಲ್ಲ. ಯಾಕಂದ್ರ ನಾ ಅದೇನಿ ಅನ್ನೂದು ಅವರಿಗಿ ಖಾತ್ರಿ ಇತ್ತು. ಅಷ್ಟ ಹೇಳ್ಲಿ, ಸಾಕು."

ಈ ಮಾತನ್ನು ನಾನು ಮಾವನಿಗೆ ಹೇಳಲಿಲ್ಲ. ಹೇಳಿಕೊಟ್ಟ ಜವಾಬು ಜವಾಬಲ್ಲ ಅನ್ನುವುದು ಪರೀಕ್ಷೆ ನಡೆಸುವ ನನಗೆ ಗೊತ್ತಿಲ್ಲವೇ? ಆದರೆ ಸ್ವಲ್ಪ ಕಿತಾಪತಿ ಮಾಡಿದೆ. ಅವನ ಬೆನ್ನ ಹಿಂದೆ ಕೂತು ಅದೇ ಪಲ್ಲವನ್ನು ಬರೀ ಬಲಗೈಯಲ್ಲಿ ನುಡಿಸಿದೆ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡೆ. ಅರ್ಧ ತಾಸು, ಒಂದು ತಾಸು. ಒಂಟಿ ಸ್ವರಗಳು, ಕೆಳಗೆ ಏನೂ ಇಲ್ಲ. ಕೇಳಲಾರದೆ ಮಾವ ತಿರುಗಿದ. ಮಡಿಲಲ್ಲಿದ್ದ ನನ್ನ ಎಡಗೈ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚೀಲದ ಗಂಟು ಬಿಚ್ಚಿ ಕೋಲು ತೆಗೆದ.

ಮರುದಿನ ಅಮಾವಾಸ್ಯೆ. ನಮ್ಮ ಓಣಿಯ ಮಗ್ಗಗಳಿಗೆ ರಜೆ, ಭಾನುವಾರವಾದ್ದರಿಂದ ನನಗೂ ರಜೆ. ಮಧ್ಯಾಹ್ನದ ಹೊತ್ತು, ಯಾವತ್ತೂ ಇಲ್ಲದ ನಿಶ್ಶಬ್ದ. ಅತ್ತೆ ಮೊರ ಹಿಡಿದು ಬಾಗಿಲಲ್ಲಿ ಕೂತಿದ್ದಳು, ನಮ್ಮ ಕಡೆ ಬೆನ್ನು. ಮಾವ ನನ್ನ ಪಕ್ಕ ನಿಂತು ಸ್ಟೂಲಿನ ಮೇಲೆ ಕೋಲು ತಟ್ಟಿದ.

ಪಲ್ಲ ನುಡಿಸಿದೆ. ಊರು ಕಂಡಿತು. ನುಡಿಯಲ್ಲಿ ಬಲಗೈ ಮುಂದೆ ಹೊರಟಿತು, ಎಡಗೈ ಒಂದು ಹೆಜ್ಜೆ ಹಿಂದೆ, ಬಲಗೈ ಬಿಟ್ಟುಹೋದ ಸ್ವರಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಆಗಲೇ ಬಂತು. ಏರು ಬಂತು. ಬಲಗೈ ಮೇಲೆ ಮೇಲೆ ಹತ್ತಿತು. ಅಲ್ಲಿ, ತುತ್ತತುದಿಯಲ್ಲಿ, ಮಾವ ಬಗ್ಗಿ ನನ್ನ ಬಲಗೈಯ ಮಣಿಕಟ್ಟು ಹಿಡಿದು ಕೀಲಿಗಳಿಂದ ಮೇಲಕ್ಕೆ ಎತ್ತಿಬಿಟ್ಟ.

ಗಂಡು ಹೋಯಿತು. ಎಡಗೈ ಒಂದೇ ನಡೆಯಿತು, ಕೆಳಗೆ, ಅದೇ ನಡಿಗೆಯಲ್ಲಿ. ಹಿಂಡು ನಿಲ್ಲಲಿಲ್ಲ. ನಲವತ್ತು ವರ್ಷ ಬಾಯಿ ಬಿಡದ ಹರದೇಶಿ, ಹೆಣ್ಣಿಲ್ಲದೆ ಹಿಂಡಿಲ್ಲ ಅಂತ ಒಪ್ಪಿಕೊಂಡಿತ್ತು. ನನ್ನ ಕಣ್ಣು ಮಂಜಾಯಿತು, ಆದರೂ ಎಡಗೈ ತಪ್ಪಲಿಲ್ಲ.

ಅತ್ತೆ ಬೆನ್ನು ತಿರುಗಿಸದೆಯೇ ಹೇಳಿದಳು. "ಆ ಕೈ ಕೆಳಗ ಇಡ್ರಿ. ಮುಂದ ಯಾರೂ ಇಲ್ಲಂದ್ರ ನಾ ಯಾರ ಹಿಂದ ನಡೀಲಿ?"

ಮಾವ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಇಳುವು. ಎರಡೂ ಕೈ ಕೂಡಿ ಊರ ಕಡೆ ಬಂದವು. ಆಗ ಅತ್ತೆ ಪಲ್ಲ ಎತ್ತಿದಳು. ಒಡೆದ ದನಿ, ಆದರೂ ಹಿಪ್ಪರಗಿಯ ಗುಡಿಯ ಮುಂದೆ ನಿಂತ ಹುಡುಗಿಯ ಠೇಂಕಾರ ಅದರಲ್ಲಿತ್ತು. "ಹಿಂಡಿನ ಮುಂದ ನಡಿತೀಯೊ, ಹಿಂದ ನಡಿತೀಯೊ..." ಮೊದಲ ಸಾಲು ಹಾಡಿ ನಿಲ್ಲಿಸಿದಳು. ಪದ್ಧತಿಯಂತೆ ಎರಡನೆಯ ಸಾಲು ಜವಾಬು ಕೊಟ್ಟವನದು.

ಅಲ್ಲಿ ನಾನು ಎಡವಟ್ಟು ಮಾಡುವವಳಿದ್ದೆ. ಪಾಪ, ಮುದುಕನಿಗೆ ದನಿಯಿಲ್ಲ, ಅವನ ಸಾಲನ್ನು ನಾನೇ ತುಂಬೋಣ ಅಂತ ಹತ್ತೂ ಬೆರಳಿಂದ ಒತ್ತಿದೆ. ಸದ್ದೇ ಬರಲಿಲ್ಲ. ಕರೆಂಟು ಹೋಗಿತ್ತು. ಮೇಲೆ ಫ್ಯಾನು ಮಾತ್ರ ಇನ್ವರ್ಟರ್ ದಯದಿಂದ ತಿರುಗುತ್ತಿತ್ತು.

ಆ ಖಾಲಿ ಜಾಗದಲ್ಲಿ ಮಾವನ ತುಟಿಗಳು ಆಡುತ್ತಿದ್ದವು. ಎದೆ ತುಂಬ ಉಸಿರು ತೆಗೆದುಕೊಂಡು, ಕೊರಳ ನರ ಉಬ್ಬಿಸಿ, ಇಡೀ ಸಾಲನ್ನು ಹಾಡಿದ. ಒಂದು ಅಕ್ಷರವೂ ಕೇಳಲಿಲ್ಲ. ಅತ್ತೆ ಈಗ ತಿರುಗಿ ಕೂತಿದ್ದಳು. ಅವನ ತುಟಿ ನೋಡುತ್ತಾ ಮೊರದ ಅಂಚಿನ ಮೇಲೆ ಬೆರಳಿನಿಂದ ತಾಳ ತಟ್ಟುತ್ತಿದ್ದಳು. ಅವನ ಸಾಲು ಮುಗಿದ ಮಾತ್ರೆಗೇ ಸರಿಯಾಗಿ ಎತ್ತಿಕೊಂಡು ಪಲ್ಲ ಕೂಡಿಸಿದಳು. ಅರ್ಧ ಮಾತ್ರೆಯೂ ಆಚೀಚೆ ಇಲ್ಲ. ಸತ್ತ ಕೀಲಿಗಳ ಮೇಲೆ ಕೈಯಿಟ್ಟುಕೊಂಡು ನಾನು ಕೂತಿದ್ದೆ. ಕರೆಂಟು ಇದ್ದಿದ್ದರೆ ಆ ಜಾಗ ಹಾಳುಮಾಡುತ್ತಿದ್ದೆ.

"ಬಂತು ಜವಾಬ," ಅಂದಳು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು ಒಳಗೆ ಹೋಗಿ ಗಂಜಿಯ ಬಟ್ಟಲು ತಂದಳು.

ಮಾವ ಬಟ್ಟಲು ಮುಟ್ಟಲಿಲ್ಲ. ಮತ್ತೆ ತಳ್ಳುತ್ತಾನೆ ಅಂತ ನನ್ನ ಜೀವ ಹಾರಿತು. ಅವನು ಪಿಯಾನೊ ಮೇಲಿದ್ದ ಪಾಟಿ ಎಳೆದುಕೊಂಡು, ಪಲ್ಲ ನುಡಿ ಏರು ಇಳುವು ಎಲ್ಲವನ್ನೂ ಅಂಗೈಯಿಂದ ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದ. ಅತ್ತೆಯ ಕನ್ನಡಕ ಒಳಗೇ ಉಳಿದಿತ್ತು. "ಏನಂತ ಓದವ್ವಾ," ಅಂದಳು.

ಓದಿದೆ. "ಈಗ ನನ್ನ ಪಾಳಿ. ಸವಾಲ ಹಾಕತೇನಿ."

ಅತ್ತೆ ಅವನನ್ನು ದಿಟ್ಟಿಸಿದಳು. "ಹಾಕ್ರಿ. ಆದ್ರ ಜವಾಬ ಕೊಡಾಕ ನನಗೂ ನಲವತ್ತ ವರ್ಷ ಬೇಕಾಗತೈತಿ. ಅಲ್ಲೀತನಕ ಇರ್ತೀರೇನು?"

ಮಾವ ಬಳಪ ಕೆಳಗಿಟ್ಟು, ಎರಡೂ ಕೈ ಮುಂದೆ ಚಾಚಿ ಬಟ್ಟಲು ಇಸಿದುಕೊಂಡ.